‘ಪ್ಲೇಸ್‌ಮೆಂಟ್ ಚೇಂಜ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಬಳಗದವರೇ,
ಫಾಸ್ಟರ್ ಕೇರ್ (ಹೆತ್ತವರ ಜೊತೆ ಇರಲಾಗದ ಮಗುವನ್ನು ಬೇರೆ ಕುಟುಂಬ ನೋಡಿಕೊಳ್ಳುವುದು) ನೀತಿಯ ಕರಡೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ತೊಡಕು ಇರುವುದು ‘ಪ್ಲೇಸ್‌ಮೆಂಟ್ ಚೇಂಜ್’ನಲ್ಲಿ. ನೋಡಿಕೊಳ್ಳುತ್ತಿರುವ ಒಂದು ಕುಟುಂಬದಿಂದ ಮಗು ಇನ್ನೊಂದಕ್ಕೆ ಹೋಗುತ್ತದಲ್ಲ, ಅದು. ಹಳೆಯ ಕರಡಿನಲ್ಲಿ ‘ವರ್ಗಾವಣೆ’ ಎಂದಿದೆ. ಓದಿದರೆ ಗುಮಾಸ್ತರ ಟ್ರಾನ್ಸ್‌ಫರ್ ಆರ್ಡರ್ ನೆನಪಾಗುತ್ತದೆ. ‘ಸ್ಥಳಾಂತರ’ ಅಂದ್ರೆ ನೆರೆ ಬಂದು ಊರು ಖಾಲಿ ಮಾಡಿಸಿದ ಹಾಗೆ. ಇದೇ ಪದ ಮಕ್ಕಳ ಕೈಗೆ ಕೊಡುವ ಓಲೆಯಲ್ಲೂ ಬರುತ್ತದೆ, ಅದಕ್ಕೇ ಈ ಪೇಚಾಟ.

---

ತಾಣಬದಲು. ಮುಗಿಯಿತು.
ಸ್ಥಳ, ಸ್ಥಾನ, ಅಂತರ ಯಾವುದೂ ಬೇಡ. ಹಾಗೇ ಫಾಸ್ಟರ್ ಕೇರ್‌ಗೆ ಬಳಸುವ ‘ಪೋಷಕತ್ವ’ವನ್ನೂ ತೆಗೆಯಿರಿ. ಸಾಕುತಾಯಿ, ಸಾಕುಮಗಳು ಅಂತ ಇರುವಾಗ ಸಂಸ್ಕೃತದ ಹಂಗು ಯಾಕೆ?

---

> ತಾಣಬದಲು

ತಾಣ ಅಚ್ಚಗನ್ನಡ ಅಂತ ಯಾರು ಹೇಳಿದ್ದು? ‘ಸ್ಥಾನ’ದ ತದ್ಭವ ಅದು. ಪೊಲೀಸರ ಠಾಣೆಯೂ ಅದರ ದಾಯಾದಿಯೇ.
ಪೋಷಕ ಬಂದದ್ದು ‘ಪುಷ್’ ಧಾತುವಿನಿಂದ, ಪುಷ್ಟಿ, ಪೌಷ್ಟಿಕ ಎಲ್ಲ ಅದರ ಮಕ್ಕಳು. ಇಂಗ್ಲಿಷಿನ ಫಾಸ್ಟರ್ ಕೂಡ ಹಳೆಯ ಇಂಗ್ಲಿಷಿನಲ್ಲಿ ಆಹಾರ, ಉಣಿಸು ಎಂಬ ಅರ್ಥದ ಪದದಿಂದಲೇ ಬಂದದ್ದು, ‘ಫುಡ್’ನ ಬಳಗ. ಇಷ್ಟು ಚೆನ್ನಾಗಿ ಕೂರುವ ಪದ ಬಿಟ್ಟು ‘ಸಾಕು’ ಎಂದರೆ ಮಗುವನ್ನು ಸಾಕುಪ್ರಾಣಿಯ ಸಾಲಿಗೆ ಸೇರಿಸಿದಂತೆ.

---

ತದ್ಭವ ಆದ ಮೇಲೆ ನಮ್ಮದೇ. 13ನೆಯ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ತದ್ಭವಕ್ಕೆ ಒಂದು ಪ್ರಕರಣ ಮೀಸಲಿಟ್ಟಿದ್ದಾನೆ, ನೋಡಿಕೊಳ್ಳಿ. ಸಾಕುತಾಯಿ ಎಂದಾಗ ಯಾರಿಗೂ ಪ್ರಾಣಿ ನೆನಪಾಗುವುದಿಲ್ಲ. ನಿಮಗಾದರೆ ಅದು ನಿಮ್ಮ ಕರ್ಮ.

---

ಇಬ್ಬರೂ ಸ್ವಲ್ಪ ತಡೆಯಿರಿ. ಕರ್ಮವೂ ಸಂಸ್ಕೃತವೇ, ಅದಿರಲಿ.

‘ಪೋಷಕ’ದ ತೊಂದರೆ ಬೇರೆ ಇದೆ. ಶಾಲೆಯ ಪೋಷಕರ ಸಭೆಗೆ ಹೋಗುವವರು ಯಾರು? ಅಪ್ಪ ಅಮ್ಮ. ಈಗ ಕರಡಿನಲ್ಲಿ ‘ಪೋಷಕರು ಮಗುವನ್ನು ಭೇಟಿಯಾಗಬಹುದು’ ಎಂದು ಬರೆದರೆ ಹೆತ್ತವರೋ, ನೋಡಿಕೊಳ್ಳುತ್ತಿರುವವರೋ? ಧಾತು ಎಷ್ಟೇ ಚಂದ ಇದ್ದರೂ ಇದನ್ನು ಬಿಡಿಸಿಕೊಡುವುದಿಲ್ಲ.

ಇನ್ನು ‘ವರ್ಗಾವಣೆ’. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ ಮಗುವಿನ ಪಾಲನೆ ತುಂಡಾಗದೆ ಮುಂದುವರಿಯುವುದನ್ನೂ ಅದರ ಭಾಷೆ, ಧರ್ಮ, ಸಂಸ್ಕೃತಿಯನ್ನೂ ಗಮನದಲ್ಲಿಡಬೇಕು ಎನ್ನುತ್ತದೆ. ಪರ್ಯಾಯ ಪಾಲನೆ ಬಗ್ಗೆ ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಾರ್ಗಸೂಚಿಯಂತೂ, ಇರುವ ಜಾಗ ಪದೇಪದೇ ಬದಲಾದರೆ ಮಗುವಿನ ಬೆಳವಣಿಗೆಗೂ ಯಾರನ್ನಾದರೂ ಹಚ್ಚಿಕೊಳ್ಳುವ ಶಕ್ತಿಗೂ ಪೆಟ್ಟು, ಅದನ್ನು ತಪ್ಪಿಸಿ ಎಂದು ನೇರವಾಗಿಯೇ ಹೇಳುತ್ತದೆ. ವರ್ಗಾವಣೆ ಎಂದ ಕೂಡಲೇ ಕಳಿಸುವವರು ಮಾತ್ರ ಕಾಣುತ್ತಾರೆ, ಹೋಗುವವಳು ಕಾಣುವುದಿಲ್ಲ.

ನೀತಿ ಸುಧಾರಿಸಬೇಕಾದದ್ದೂ ಅಲ್ಲೇ ಅಲ್ವಾ? ಮೊದಲೇ ತಿಳಿಸಿ, ಅವಳ ಮಾತು ಕೇಳಿ, ಹೊಸ ಮನೆಗೆ ಒಂದೆರಡು ಸಲ ಸುಮ್ನೆ ಹೋಗಿ ಬರಲಿ. ಆದಷ್ಟೂ ಅದೇ ಶಾಲೆ ಇರಲಿ, ತಮ್ಮನನ್ನು ಬೇರೆ ಮಾಡಬೇಡಿ. ಬಟ್ಟೆಬರೆಯನ್ನು ಕಸದ ಚೀಲದಲ್ಲಿ ತುಂಬಿ ಕಳಿಸಬೇಡಿ (ಎಷ್ಟೋ ಕಡೆ ಹಾಗೇ ಕಳಿಸುತ್ತಾರೆ, ಅದಕ್ಕೇ ಬರೆಯಬೇಕಾಗಿದೆ). ದೀಪ ಆರಿಸಿದರೆ ಹೆದರುತ್ತಾಳೆ, ಇಂಥ ಔಷಧಿ ಒಗ್ಗುವುದಿಲ್ಲ, ಇವೆಲ್ಲ ಕಡತದಲ್ಲೇ ಉಳಿಯದೆ ಹೊಸ ಮನೆಯವರಿಗೆ ಮೊದಲ ದಿನವೇ ತಲುಪಬೇಕು. ಇಷ್ಟಕ್ಕೂ ಹೊಂದುವುದು ‘ಮನೆ ಬದಲಾವಣೆ’ಯೇ. ಮಕ್ಕಳು ಹೇಳುವುದೂ ಮನೆ ಎಂದೇ.

---

ಬಾಡಿಗೆದಾರರ ಪದ. ನೀತಿಪತ್ರಕ್ಕೆ ಒಂದು ತೂಕ ಬೇಡವೇ?

---

ತೂಕ ಜಾಸ್ತಿಯಾಗಿಯೇ ಇಲ್ಲಿಗೆ ಬಂದದ್ದು ಸರ್. ನೀತಿಯಲ್ಲಿ ‘ಪಾಲನೆಯ ಮನೆ ಬದಲಾವಣೆ’, ಮಕ್ಕಳ ಓಲೆಯಲ್ಲಿ ‘ನೀನು ಹೊಸ ಮನೆಗೆ ಹೋಗುವಾಗ’ ಎಂದು ಹಾಕುತ್ತಿದ್ದೇನೆ. ಹೆತ್ತವರು, ಪಾಲಕ ಕುಟುಂಬ ಎಂದು ಬೇರೆ ಮಾಡಿದ್ದೇನೆ. ಕೇಶಿರಾಜನ ಜಗಳ ನೀವು ಮುಂದುವರಿಸಿ.

ಇನ್ನೊಂದು ಉಳಿದಿದೆ. ‘ಪರ್ಮನೆನ್ಸಿ ಪ್ಲಾನಿಂಗ್’ಗೆ ಹಳೆಯವರು ‘ಶಾಶ್ವತ ಯೋಜನೆ’ ಎಂದಿದ್ದಾರೆ. ಶಾಶ್ವತ ಆಗಬೇಕಾದದ್ದು ಮಗುವಿನ ನೆಲೆ ತಾನೇ, ಯೋಜನೆ ಯಾಕೆ ಶಾಶ್ವತ? ಬೇಗ ಹೇಳಿ.