ಬೊಲೆರೊ ಬಾನೆಟ್‌ಗೆ ಗ್ಯಾಸ್ ಸ್ಟ್ರಟ್ ಹಾಕಿಸಿದ ಮೇಲೆ ಎಡಮೂಲೆ ಎದ್ದಿದೆ. ಎಷ್ಟು ನ್ಯೂಟನ್‌ನದು ಬೇಕು?

ತೋಟದ ಬೊಲೆರೊ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನನ್ನದು 2013ರ ಬೊಲೆರೊ. ಮನೆ ಇರುವುದು ಡಾಂಬರು ರಸ್ತೆಯಿಂದ ಒಳಗೆ. ಅಡಿಕೆ ಮೂಟೆ, ಗೊಬ್ಬರ, ಆಸ್ಪತ್ರೆ, ಮದುವೆ ಎಲ್ಲಕ್ಕೂ ಇದೊಂದೇ ಗಾಡಿ.

ಹೋದ ಮಳೆಗಾಲ ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಬಿಸಿಯಾಯಿತು. ಮೇಲೆ ಬಂದು ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ ರಾಡ್ ಕೊಟ್ಟೆ. ರಾಡಿನ ತುದಿ ಕೂರುವ ತೂತು ಸವೆದು ಅಗಲವಾಗಿತ್ತು. ಒಂದು ಗಾಳಿ ಬೀಸಿತು ನೋಡಿ, ಬಾನೆಟ್ ಒಂದಿಷ್ಟು ಮೇಲೆದ್ದು ರಾಡ್ ಜಾರಿತು. ಬಿದ್ದಿದ್ದು ನನ್ನ ಮೊಣಕೈ ಮೇಲೆ. ಮೂಳೆ ಉಳಿಯಿತು, ಆದರೆ ಮೂರು ವಾರ ಕೈ ಮಡಚಲು ಆಗಲಿಲ್ಲ. ನನಗಾದ ನೋವಿಗಿಂತ ಜಾಸ್ತಿ ಹೆದರಿಕೆ ಮಗನದು. ಬೆಳಗ್ಗೆ ನೀರು, ಆಯಿಲ್ ನೋಡುವುದು ಅವನೇ. ತಲೆ ಒಳಗೆ ಹಾಕಿಯೇ ನೋಡುತ್ತಾನೆ.

ಅದಕ್ಕೇ ಡಿಕ್ಕಿಗೆ ಇರುತ್ತದಲ್ಲ, ಒಳಗಿನ ಗ್ಯಾಸಿನ ಒತ್ತಡದಿಂದ ಮುಚ್ಚಳ ತಳ್ಳಿ ಹಿಡಿಯುವ ಆ ತರಹದ ಗ್ಯಾಸ್ ಸ್ಟ್ರಟ್ ಎರಡು ತರಿಸಿ ಒಂದು ಅಂಗಡಿಯಲ್ಲಿ ಹಾಕಿಸಿದೆ. ಮೊದಲ ದಿನ ಖುಷಿಯಾಯಿತು. ಬಾನೆಟ್ ತಾನಾಗಿಯೇ ಎದ್ದು ನಿಲ್ಲುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಗಾಜಿನ ಕಡೆಯ ಎಡಮೂಲೆ ಫೆಂಡರ್‌ಗಿಂತ ಮೇಲೆ ಬಂದಿದೆ. ಐದು ರೂಪಾಯಿ ನಾಣ್ಯ ಎರಡು ಜೋಡಿಸಿ ತೂರಿಸಬಹುದು. ಮುಚ್ಚಬೇಕಾದರೆ ಎರಡೂ ಅಂಗೈ ಊರಿ ಒತ್ತಬೇಕು. ಒತ್ತಿ ಒತ್ತಿ ಆ ಜಾಗದಲ್ಲಿ ತಗಡು ಸ್ವಲ್ಪ ತಗ್ಗಿದೆ. ಹಾಕಿದವರನ್ನು ಕೇಳಿದರೆ "ಸೆಟ್ ಆಗುತ್ತೆ ಬಿಡಿ" ಎನ್ನುತ್ತಾರೆ. ನಿಜವಾಗಿ ಸೆಟ್ ಆಗುತ್ತದಾ? ಇಲ್ಲ ಬಿಚ್ಚಿಸಿ ಮತ್ತೆ ರಾಡ್‌ಗೇ ಹೋಗಲಾ?

ದಾವಣಗೆರೆ ಡೀಸೆಲ್

ಸೆಟ್ ಆಗಲ್ಲ ಸರ್. ದಿನಾ ಇನ್ನೂ ಕೆಡುತ್ತದೆ. ಸಿಲಿಂಡರ್ ಮೇಲೆ ಒಂದು ನಂಬರ್ ಬರೆದಿರುತ್ತದೆ, ಕೊನೆಗೆ ಎನ್ ಅಂತ ಇರುತ್ತದೆ. ಅದು ಎಷ್ಟು? ಸ್ಟ್ರಟ್ಟಿನ ರಾಡ್ ಮೇಲಕ್ಕಿದೆಯೋ ಕೆಳಕ್ಕೋ?

ತೋಟದ ಬೊಲೆರೊ

ಈಗಷ್ಟೇ ಟಾರ್ಚ್ ಹಿಡಿದು ನೋಡಿದೆ. 350 ಎನ್. ತೆಳ್ಳಗಿನ ಹೊಳೆಯುವ ರಾಡ್ ಮೇಲಿದೆ, ಕಪ್ಪು ದಪ್ಪ ಭಾಗ ಕೆಳಗಿದೆ.

ಕುಡ್ಲ ಟಿಂಕರ್

ನಾನು ಮಂಗಳೂರಿನಲ್ಲಿ ಹತ್ತೊಂಬತ್ತು ವರ್ಷದಿಂದ ಟಿಂಕರಿಂಗ್ ಕೆಲಸ ಮಾಡುತ್ತಿದ್ದೇನೆ. ಇಂಥ ಬಾನೆಟ್ ಎಷ್ಟೋ ನೆಟ್ಟಗೆ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

350 ನಿಮ್ಮ ಗಾಡಿಗೆ ವಿಪರೀತ ಆಯಿತು. ಹತ್ತು ನ್ಯೂಟನ್ ಅಂದರೆ ಹೆಚ್ಚುಕಡಿಮೆ ಒಂದು ಕೆ.ಜಿ. ತಳ್ಳು. ಒಂದು ಸ್ಟ್ರಟ್ 35 ಕೆ.ಜಿ., ಎರಡು ಸೇರಿ 70. ಅದೂ ಬಾನೆಟ್ ತೆರೆದಿದ್ದಾಗ. ಮುಚ್ಚಿದಾಗ ರಾಡ್ ಒಳಗೆ ಹೋಗಿ ಗ್ಯಾಸ್ ಇನ್ನೂ ಬಿಗಿಯಾಗುತ್ತದೆ, ಬಲ ಕಾಲು ಭಾಗದಷ್ಟು ಏರುತ್ತದೆ, ಕೆಲವದರಲ್ಲಿ ಅದಕ್ಕಿಂತ ಜಾಸ್ತಿ. ಆಗ ಸ್ಟ್ರಟ್ ಹೆಚ್ಚುಕಡಿಮೆ ಮಲಗಿರುತ್ತದೆ, ಆದ್ದರಿಂದ ಬಾನೆಟ್ಟನ್ನು ಎತ್ತಲು ಅದಕ್ಕೆ ಆಗುವುದಿಲ್ಲ. ಆ ತಳ್ಳು ಎಲ್ಲಿಗೆ ಹೋಗಬೇಕು? ಹಿಂಜಿಗೆ, ಅಂದರೆ ಬಾನೆಟ್ ತಿರುಗುವ ಕೀಲಿಗೆ, ಮತ್ತೆ ತಗಡಿಗೆ. ಹಗಲೂ ರಾತ್ರಿ, ಗಾಡಿ ನಿಂತಿದ್ದರೂ. ಹಿಂಜಿನ ಬೋಲ್ಟ್ ಕೂರುವ ತೂತನ್ನು ಅಡ್ಜಸ್ಟ್ ಮಾಡಲಿಕ್ಕೆಂದೇ ಸ್ವಲ್ಪ ದೊಡ್ಡದು ಬಿಟ್ಟಿರುತ್ತಾರೆ. ಬೋಲ್ಟ್ ಒಂಚೂರು ಸಡಿಲ ಇದ್ದರೆ ಹಿಂಜ್ ತಳ್ಳಿದ ಕಡೆಗೆ ಜಾರುತ್ತದೆ. ನಿಮ್ಮ ಎಡಮೂಲೆ ಹಾಗೇ ಎದ್ದಿರಬೇಕು. ಹಣೆಬರಹ ಚೆನ್ನಾಗಿದ್ದರೆ ತಗಡು ಬಗ್ಗಿಲ್ಲ, ಬರೀ ಹಿಂಜ್ ಜಾರಿದೆ.

ಈಗ ನಿಮಗೆ ಎಷ್ಟು ಬೇಕು ಅನ್ನುವುದು. ಇದನ್ನು ಅಂಗಡಿಯವರನ್ನು ಕೇಳಬೇಡಿ, ನಿಮ್ಮ ಬಾನೆಟ್ಟನ್ನೇ ಕೇಳಿ. ಮೊದಲು ಸ್ಟ್ರಟ್ ಬಿಚ್ಚಿ. ಒಬ್ಬರು ಬಾನೆಟ್ ಹಿಡಿದೇ ಇರಬೇಕು. ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ತುದಿಯ ಕ್ಲಿಪ್ ಮೀಟಿದರೆ ಬಾಲ್‌ನಿಂದ, ಅಂದರೆ ಅದು ಕೂತಿರುವ ಗುಂಡು ತಲೆಯಿಂದ, ಕಳಚುತ್ತದೆ. ಕ್ಲಿಪ್ ಪೂರ್ತಿ ಕೀಳಬೇಡಿ, ಅರ್ಧ ಸರಿಸಿದರೆ ಸಾಕು.

ಆಮೇಲೆ ಕೊಕ್ಕೆ ಇರುವ ತಕ್ಕಡಿ ತಗೊಳ್ಳಿ, ಬಾಳೆಗೊನೆ ತೂಗುತ್ತಾರಲ್ಲ, ಅದೇ. ಬಾನೆಟ್ಟಿನ ಮುಂದಿನ ತುದಿಗೆ ಹಗ್ಗ ಕಟ್ಟಿ, ಲಾಕಿನಿಂದ ನಾಲ್ಕು ಬೆರಳು ಮೇಲೆತ್ತಿ ಹಿಡಿದು ತೂಕ ನೋಡಿ. ಎಂಟು ಕೆ.ಜಿ. ಬಂತು ಅಂತ ಇಟ್ಟುಕೊಳ್ಳಿ. ಈಗ ರಾಡ್ ಕೊಟ್ಟು ಬಾನೆಟ್ ನಿಮಗೆ ಬೇಕಾದಷ್ಟು ಎತ್ತಿ. ಮುಂದಿನ ತುದಿಯಿಂದ ಗಾರೆಯವರ ತೂಗುಗುಂಡು ಇಳಿಬಿಡಿ. ಹಿಂಜಿನಿಂದ ಆ ದಾರಕ್ಕೆ ಅಡ್ಡಲಾಗಿ ಎಷ್ಟು ದೂರ ಅಂತ ಅಳೆಯಿರಿ. 50 ಸೆಂ.ಮೀ. ಬಂದರೆ 8 ಗುಣಿಸು 50, 400.

ಇನ್ನೊಂದು ಅಳತೆ ಇದೆ, ಇಲ್ಲೇ ಎಲ್ಲರೂ ತಪ್ಪುವುದು. ಸ್ಟ್ರಟ್ಟಿನ ಎರಡು ಬಾಲ್‌ಗಳ ನಡುವೆ ದಾರ ಎಳೆದು ಕಟ್ಟಿ. ಹಿಂಜಿನ ಪಿನ್ನಿನಿಂದ ಆ ದಾರಕ್ಕೆ ನೇರ ಎಷ್ಟು ಅಂತರ, ಮೂಲೆಮಟ್ಟ ಇಟ್ಟು ನೋಡಿ. 16 ಬಂದರೆ 400 ಭಾಗಿಸು 16, 25 ಕೆ.ಜಿ. ಎರಡಕ್ಕೆ ಹಂಚಿದರೆ ಒಂದಕ್ಕೆ ಹನ್ನೆರಡೂವರೆ. ಅಂದರೆ 125 ನ್ಯೂಟನ್. ಗಾಳಿಗೆ, ಚಳಿಗೆ ಅಂತ ಐದರಲ್ಲಿ ಒಂದು ಪಾಲು ಸೇರಿಸಿ, 150 ತಗೊಳ್ಳಿ. ಅದಕ್ಕಿಂತ ಮೇಲೆ ಹೋಗಬೇಡಿ.

ಸ್ಟ್ರಟ್ಟಿನ ರಾಡ್ ಕೆಳಗೆ ಬರಬೇಕು, ಸಿಲಿಂಡರ್ ಬಾನೆಟ್ ಕಡೆಗೆ. ಒಳಗೆ ನೈಟ್ರೋಜನ್ ಜೊತೆ ಒಂದಿಷ್ಟು ಎಣ್ಣೆ ಇರುತ್ತದೆ. ರಾಡ್ ಕೆಳಗಿದ್ದರೆ ಎಣ್ಣೆ ಸೀಲ್ ಹತ್ತಿರ ನಿಂತು ಅದನ್ನು ಒಣಗದ ಹಾಗೆ ನೋಡಿಕೊಳ್ಳುತ್ತದೆ. ತಲೆಕೆಳಗಾದರೆ ಸೀಲ್ ಒಣಗಿ ಗ್ಯಾಸ್ ಬೇಗ ಸೋರುತ್ತದೆ. ರಾಡ್ ಮೇಲೆ ಗೀರು ಬಿದ್ದರೂ ಅಷ್ಟೇ. ಪ್ಲೈಯರ್ ಹಾಕಿ ಹಿಡಿಯಬೇಡಿ ಮಾರಾಯ್ರೇ.

ಕಾರವಾರ ಕಡಲು

ಸ್ಟ್ರಟ್ಟಿನ ಮೇಲಿನ ಬ್ರಾಕೆಟ್ ಕೂರಿಸಲು ಬಾನೆಟ್ಟಿನ ಒಳ ತಗಡಿಗೆ ಡ್ರಿಲ್ ಹಾಕಿದ್ದಾರಾ ನೋಡಿ. ನನ್ನ ಗಾಡಿಯಲ್ಲಿ ಹಾಗೇ ಹಾಕಿ ಬರೀ ಸ್ಕ್ರೂ ಬಿಗಿದು ಬಿಟ್ಟಿದ್ದರು. ನಮ್ಮ ಉಪ್ಪು ಗಾಳಿಗೆ ಒಂದೇ ಮಳೆಗಾಲ ಸಾಕಾಯಿತು, ತೂತಿನ ಸುತ್ತ ತುಕ್ಕು ಹಿಡಿದು ಬ್ರಾಕೆಟ್ ಅಲ್ಲಾಡತೊಡಗಿತು. ಬಿಚ್ಚಿದಾಗ ಆ ತೂತುಗಳ ಅಂಚಿಗೆ ಜಿಂಕ್ ಪ್ರೈಮರ್, ಮೇಲೆ ಪೇಂಟ್ ಹಚ್ಚಿ. ಹೊಸ ತೂತು ಬೇಕೇ ಆದರೆ ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ, ಅಲ್ಲಿಗಿಂತ ಒಳಗೆ ಇಳಿಸಬೇಡಿ. ಹೊರ ತಗಡಿಗೆ ಮೊನೆ ತಾಗಿದರೆ ಬಾನೆಟ್ ಮೇಲೆ ಮೊಡವೆ ಎದ್ದ ಹಾಗೆ ಕಾಣುತ್ತದೆ.

ತೋಟದ ಬೊಲೆರೊ

ನಿನ್ನೆ ಭಾನುವಾರ ಮಗನನ್ನು ಕೂರಿಸಿಕೊಂಡು ಎಲ್ಲಾ ಅಳೆದೆವು. ತುದಿಯ ತೂಕ 9 ಕೆ.ಜಿ. ತೆರೆದಾಗ ಅಡ್ಡ ದೂರ 56. ದಾರದ ಅಂತರ 18. ಲೆಕ್ಕ ಮಾಡಿದವನು ಮಗ. 504 ಭಾಗಿಸು 18, 28 ಕೆ.ಜಿ., ಒಂದಕ್ಕೆ 14. ಅಂದರೆ 140 ನ್ಯೂಟನ್. ಐದರಲ್ಲಿ ಒಂದು ಪಾಲು ಸೇರಿಸಿದರೆ 168. ಶಿವಮೊಗ್ಗದಲ್ಲಿ ಅದೇ ಉದ್ದಕ್ಕೆ 150 ಮತ್ತು 180 ಇದೆಯಂತೆ. ಯಾವುದು ತರಲಿ ಅಣ್ಣ? ನೀವು "ಮೇಲೆ ಹೋಗಬೇಡಿ" ಅಂದಿದ್ದಕ್ಕೆ 150 ತರುವ ಮನಸ್ಸು.

ಕುಡ್ಲ ಟಿಂಕರ್

ಚಂದ ಅಳೆದಿದ್ದೀರಿ. ನಿಮಗೆ 180 ತನ್ನಿ. 150 ಅಂದಿದ್ದು ಉದಾಹರಣೆಯ ಲೆಕ್ಕಕ್ಕೆ. ನಾನು ಇರುವುದು ಸೆಕೆಯ ಊರಿನಲ್ಲಿ, ನಿಮ್ಮಲ್ಲಿ ಮಾಗಿ ಚಳಿ ಇದೆಯಲ್ಲ. ಗ್ಯಾಸ್ ತಣ್ಣಗಾದರೆ ಬಲ ಇಳಿಯುತ್ತದೆ. 20 ಡಿಗ್ರಿ ವ್ಯತ್ಯಾಸಕ್ಕೆ ನೂರರಲ್ಲಿ ಏಳು ಪಾಲಿನಷ್ಟು. 150ರದ್ದು ಮಧ್ಯಾಹ್ನ ಎಂಜಿನ್ ಬಿಸಿ ಇದ್ದಾಗ ಗಟ್ಟಿಯಾಗಿ ನಿಂತು, ಚಳಿಗಾಲದ ಬೆಳಗ್ಗೆ ಇಳಿದುಬಿಡಬಹುದು. ನಿಮ್ಮ ಮಗ ನೋಡುವುದು ಬೆಳಗ್ಗೆಯೇ ಅಲ್ವಾ? ಹಾಕಿದ ಮೇಲೆ ಪರೀಕ್ಷೆಯನ್ನೂ ಬೆಳಗ್ಗೆಯೇ ಮಾಡಿ.

ಮುಚ್ಚುವ ಮೊದಲು ಒಂದು ಕೆಲಸ. ಸ್ಟ್ರಟ್ ರಾಡಿಗೆ ತೆಳ್ಳಗೆ ಗ್ರೀಸ್ ಸವರಿ ನಿಧಾನಕ್ಕೆ ಮುಚ್ಚಿ, ಮತ್ತೆ ತೆರೆಯಿರಿ. ಗ್ರೀಸ್ ಎಲ್ಲಿವರೆಗೆ ಒರೆಸಿಹೋಗಿದೆ ನೋಡಿ. ತುದಿಯಲ್ಲಿ ಇನ್ನೂ ಒಂದು ಸೆಂ.ಮೀ. ಗ್ರೀಸ್ ಉಳಿದಿರಬೇಕು. ಪೂರ್ತಿ ಒಳಗೆ ಹೋಗಿ ಮುಟ್ಟುತ್ತಿದ್ದರೆ ಬ್ರಾಕೆಟ್ ಜಾಗ ತಪ್ಪಿದೆ ಅಂತ ಅರ್ಥ. ನೋಡಿಯಾದ ಮೇಲೆ ಬಟ್ಟೆಯಲ್ಲಿ ಒರೆಸಿಬಿಡಿ, ಇಲ್ಲದಿದ್ದರೆ ಧೂಳು ಹಿಡಿದು ಸೀಲ್ ಕೊರೆಯುತ್ತದೆ.

ಹಳೆಯ 350ರ ಜೋಡಿಯನ್ನು ಕೊಯ್ಯುವುದು, ತೂತು ಮಾಡುವುದು, ಕಸದ ಜೊತೆ ಬೆಂಕಿಗೆ ಹಾಕುವುದು ಬೇಡ. ಒಳಗೆ ಟಯರ್ ಗಾಳಿಯ ಹತ್ತಾರು ಪಟ್ಟು ಒತ್ತಡ ಇರುತ್ತದೆ. ಮನೆಯಲ್ಲಿ ಹುಡುಗ ಇದ್ದಾನೆ, ಅವನಿಗೂ ಹೇಳಿ.

ತೋಟದ ಬೊಲೆರೊ

180 ಹಾಕಿ ಇವತ್ತಿಗೆ ಹನ್ನೊಂದು ದಿನ. ನೀವು ಹೇಳಿದ ಹಾಗೆ ತಗಡು ಬಗ್ಗಿರಲಿಲ್ಲ. ಹಿಂಜಿನ ಬೋಲ್ಟ್ ಸಡಿಲ ಮಾಡಿ, ಮೂಲೆಗೆ ಬಟ್ಟೆ ಸುತ್ತಿದ ಮರದ ತುಂಡು ಇಟ್ಟು ಕೈಯಲ್ಲೇ ತಟ್ಟಿ ಕೂರಿಸಿದೆವು. ಈಗ ಎಡ, ಬಲ ಎರಡೂ ಕಡೆ ಸಮ. ಅಂಗೈ ಊರಿ ಆಗಿದ್ದ ತಗ್ಗು ಹಾಗೇ ಉಳಿದಿದೆ, ಬೆಳಕಿಗೆ ಓರೆಯಾಗಿ ನೋಡಿದರೆ ಕಾಣುತ್ತದೆ. ಸ್ಕ್ರೂ ತೂತು ನಾಲ್ಕಿದ್ದವು, ಕಾರವಾರದವರು ಹೇಳಿದ ಪ್ರೈಮರ್ ಹಚ್ಚಿದೆ.

ಈಗ ಬಾನೆಟ್ ಅರ್ಧದವರೆಗೆ ನಾವೇ ಎತ್ತಬೇಕು, ಅಲ್ಲಿಂದ ಅದೇ ಹೋಗುತ್ತದೆ. ಮುಚ್ಚಲು ಒಂದು ಕೈ ಸಾಕು. ಇವತ್ತು ಬೆಳಗ್ಗೆ ಮಂಜು ಬಿದ್ದಿತ್ತು. ಆರೂವರೆಗೆ ತೆರೆದು, ತುದಿ ಹಿಡಿದು ಮೂರು ಸಲ ಜಗ್ಗಿ ನೋಡಿದೆ. ಅಲ್ಲಾಡಿತು, ಇಳಿಯಲಿಲ್ಲ. ಹಳೆಯ ರಾಡನ್ನು ಬಿಚ್ಚಿಲ್ಲ. ಅದರ ತೂತಿಗೆ ಹೊಸ ರಬ್ಬರ್ ಬುಶ್ ಹಾಕಿಸಿದ್ದೇನೆ. ತಲೆ ಒಳಗೆ ಹಾಕುವ ಮೊದಲು ರಾಡೂ ಕೊಡು ಅಂತ ಮಗನಿಗೆ ಹೇಳಿದ್ದೇನೆ, ಕೊಡುತ್ತಿದ್ದಾನೆ.

ಮಂಗಳೂರಿನ ಅಣ್ಣನಿಗೆ ತುಂಬಾ ಧನ್ಯವಾದ. ಈ ಕಡೆ ಬಂದರೆ ಮನೆಗೆ ಬರಲೇಬೇಕು.