ಕೋನ್‌ಫ್ಲವರ್ ನೆತ್ತಿಯಲ್ಲಿ ಹಸಿರು ಜುಟ್ಟು: ಬೆಳೆಸಿದವರು ಹೇಳಿ

ಪ್ರಶ್ನೆ, ಶಿಕಾಗೋ ಹತ್ತಿರದಿಂದ:
ಹೋದ ವರ್ಷ ಪರ್ಪಲ್ ಕೋನ್‌ಫ್ಲವರ್ (ಎಕಿನೇಶಿಯ ಅನ್ನೋ ಹೂಗಿಡ) ಮೂರು ತಂದು ನೆಟ್ಟೆ. ಒಂದು ಚಳಿಗಾಲ ದಾಟಲಿಲ್ಲ. ಉಳಿದೆರಡು ಜುಲೈನಲ್ಲಿ ಹೂ ಬಿಟ್ಟವು, ಆದರೆ ಈಗ ಒಂದರ ಹೂವಿನ ನಡುವಿನಿಂದ ಹಸಿರು ಜುಟ್ಟು ಎದ್ದಿದೆ. ಪಕ್ಕದ ಮನೆಯವರು ಕೊಟ್ಟ ಬೀಜ ಮೇ ತಿಂಗಳಲ್ಲಿ ಹಾಕಿದರೆ ಹುಟ್ಟಿದ್ದು ಎರಡೇ. ಎಲ್ಲಿ ತಪ್ಪಿದೆ?

ಮಿನಿಸೋಟದಿಂದ:
ಬೀಜದ ಮಾತು ಮಾತ್ರ ನಾನು ಹೇಳಬಲ್ಲೆ. ಈ ಬೀಜಕ್ಕೆ ಮೊದಲು ಚಳಿ ತಾಗಬೇಕು. ಒದ್ದೆ ಮರಳಲ್ಲಿ ಕಲಸಿ, ಜಿಪ್ ಚೀಲಕ್ಕೆ ಹಾಕಿ, ಫ್ರಿಡ್ಜ್‌ನಲ್ಲಿ 4ರಿಂದ 6 ವಾರ ಇಡಿ. ನಮ್ಮನೆಯವರು ಒಮ್ಮೆ ಹಳಸಿದ ಪಲ್ಯ ಅಂದ್ಕೊಂಡು ಎಸೆದುಬಿಟ್ಟರು. ಅಂದಿನಿಂದ ನವೆಂಬರ್‌ನಲ್ಲೇ ಹೊರಗೆ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಹರಡಿ ಬಿಡ್ತೀನಿ; ಉಳಿದದ್ದು ಹಿಮದ ಕೆಲಸ. ಮೊದಲ ವರ್ಷ ಬರೀ ಎಲೆ ಬಂದರೆ ಬೇಜಾರಾಗಬೇಡಿ, ಹೂ ಸಾಮಾನ್ಯವಾಗಿ ಎರಡನೇ ವರ್ಷಕ್ಕೆ. ಎಳೇ ಸಸಿಗೆ ಬಲೆ ಕಟ್ಟಿ, ಮೊಲ ಬಿಡಲ್ಲ.

ಓಹಾಯೋದಿಂದ:
ಜುಟ್ಟಿನ ವಿಷಯಕ್ಕೆ ಬನ್ನಿ, ಅವಸರ ಅಲ್ಲೇ ಇರೋದು. ಎರಡು ಕಾರಣ ಇರಬಹುದು. ಕಾಂಡ, ಎಲೆ, ಎಸಳು ಎಲ್ಲ ಸರಿಯಿದ್ದು ಹೂವಿನ ನಡುವಿನ ಗುಬಟಿನ ಮೇಲಷ್ಟೇ ಸಣ್ಣ ಕುಚ್ಚು ಇದ್ದರೆ ಅದು ನುಸಿ. ನಮ್ಮೂರಲ್ಲಿ ತೆಂಗಿನಕಾಯಿ ಕೆಡಿಸ್ತಲ್ಲ, ಆ ಬಳಗದ್ದೇ, ಬರಿಗಣ್ಣಿಗೆ ಕಾಣದು. ಅಂಥ ಹೂ ಕತ್ತರಿಸಿ ಕಸಕ್ಕೆ ಹಾಕಿದರೆ ಸಾಕು.

ಎಸಳೂ ಹಸಿರಾಗಿ, ಗಿಡ ಹಳದಿ ತಿರುಗಿ ಕುಳ್ಳಾಗಿದ್ದರೆ ಆಸ್ಟರ್ ಯೆಲ್ಲೋಸ್ ಅನ್ನೋ ರೋಗ. ಬದನೆಯಲ್ಲಿ ಕಿರುಎಲೆ ರೋಗ ನೋಡಿದ್ದೀರಾ? ಅದರ ಹಾಗೇ ಇದಕ್ಕೂ ಕಾರಣ ಫೈಟೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾದಂಥ ರೋಗಾಣು, ಜಿಗಿಹುಳು ರಸ ಹೀರುತ್ತಾ ಗಿಡದಿಂದ ಗಿಡಕ್ಕೆ ದಾಟಿಸುತ್ತೆ. ಔಷಧಿ ಇಲ್ಲ. ಜುಟ್ಟು ಕತ್ತರಿಸಿದರೆ ಪ್ರಯೋಜನವಿಲ್ಲ, ರೋಗ ಬೇರಿನವರೆಗೂ ಇರುತ್ತೆ. ನಾನು 'ಚೆಂದದ ಗಿಡ, ಇನ್ನೊಂದು ವಾರ ನೋಡೋಣ' ಅಂತ ಮುದ್ದು ಮಾಡಿ ಪಕ್ಕದ ಎರಡು ಗಿಡ, ಒಂದು ರುಡ್ಬೆಕಿಯಾ ಹೂಗಿಡ ಕಳ್ಕೊಂಡೆ. ಬುಡಸಮೇತ ಕಿತ್ತುಬಿಡಿ. ಮಣ್ಣು ಬದಲಿಸೋದು ಬೇಡ, ಆ ರೋಗಾಣು ಬರೀ ಮಣ್ಣಲ್ಲಿ ಬದುಕಲ್ಲ.

ಮಿಷಿಗನ್‌ನಿಂದ:
ಚಳಿಗಾಲದಲ್ಲಿ ಸತ್ತ ಗಿಡ ತಗ್ಗಿನಲ್ಲಿತ್ತಾ? ಇದು ಮೂಲತಃ ಅಮೆರಿಕದ ಬಯಲಿನ ಗಿಡ, ಚಳಿಗೆ ಸಾಯೋದು ಅಪರೂಪ. ಜೇಡಿಮಣ್ಣಲ್ಲಿ ನೀರು ನಿಂತು ಬುಡ ಕೊಳೆಯುತ್ತೆ. ಸ್ವಲ್ಪ ದಿಬ್ಬ ಮಾಡಿ, 6 ಗಂಟೆ ಬಿಸಿಲು ಬೀಳೋ ಕಡೆ ನೆಡಿ. ಗೊಬ್ಬರ ಬೇಡವೇ ಬೇಡ. ಗುಲಾಬಿಗೆ ಹಾಕೋ ಹಾಗೆ ನಾನೂ ಸಗಣಿ ಗೊಬ್ಬರ ಸುರಿದಿದ್ದೆ; ಎದೆಯೆತ್ತರ ಬೆಳೆದು ಮೊದಲ ಮಳೆಗೇ ಅಂಗಾತ ಮಲಗಿತು.

ಕಿತ್ತಳೆ ಬಣ್ಣದ, ಸುತ್ತು ಹೂವಿನ ಹೈಬ್ರಿಡ್‌ಗೆ ಮರುಳಾಗಬೇಡಿ. ನನ್ನ ಮೂರರಲ್ಲಿ ಒಂದೂ ಎರಡು ವರ್ಷ ಬಾಳಲಿಲ್ಲ. ಸಾದಾ ಒಂಟಿ ಸುತ್ತಿನದು 9 ವರ್ಷದಿಂದ ಇದೆ, ಜೇನು ಬರೋದೂ ಅದಕ್ಕೇ. ಅಮ್ಮ ಶಿವಮೊಗ್ಗದಿಂದ ಬಂದಾಗ ಪೂಜೆಗೆ ಕೀಳಲು ಹೋಗಿ 'ಇದೇನೇ, ಹೂವಾ ಮುಳ್ಳುಹಂದಿನಾ' ಅಂದರು. ಎಕಿನೇಶಿಯ ಅನ್ನೋ ಹೆಸರು ಗ್ರೀಕ್‌ನಲ್ಲಿ ಮುಳ್ಳು ಮೈಯ ಪ್ರಾಣಿಯಿಂದಲೇ ಬಂದಿದ್ದು ಅಂತ ಆಮೇಲೆ ಗೊತ್ತಾಯ್ತು!

ಒಣಗಿದ ಹೂ ಶರತ್ಕಾಲದಲ್ಲಿ ಕತ್ತರಿಸಬೇಡಿ, ಗೋಲ್ಡ್‌ಫಿಂಚ್ ಹಕ್ಕಿಗಳು ಬೀಜ ಹೆಕ್ಕಲು ಬರ್ತವೆ. ಜಪಾನೀಸ್ ಬೀಟಲ್ ಅನ್ನೋ, ಗಿಡ ತಿನ್ನೋ ದುಂಬಿ ಕಂಡರೆ ಬೆಳಗ್ಗೆ ಮಂಪರಲ್ಲಿದ್ದಾಗಲೇ ಸೋಪಿನ ನೀರಿಗೆ ಕೊಡವಿ.

ಪ್ರಶ್ನೆ ಕೇಳಿದವರು:
ಈಗಷ್ಟೇ ನೋಡಿ ಬಂದೆ. ಎಸಳೂ ಹಸಿರೇ, ಕೆಳಗಿನ ಎಲೆ ಹಳದಿ. ಸನಿಕೆ ತಗೊಂಡು ಹೋಗಿ ಕಿತ್ತೆ, ಹೊಟ್ಟೆ ಉರೀತು. ಸತ್ತ ಗಿಡ ಇದ್ದಿದ್ದು ಛಾವಣಿ ನೀರು ಬೀಳೋ ಪೈಪಿನ ಬಾಯಲ್ಲಿ. ಉಳಿದ ಬೀಜ ನವೆಂಬರ್‌ಗೆ ಎತ್ತಿಟ್ಟಿದ್ದೀನಿ, ಫ್ರಿಡ್ಜ್‌ನಲ್ಲಂತೂ ಅಲ್ಲ.