ಎಣ್ಣೆಗೆಂಪು ಮೈಬಣ್ಣಕ್ಕೆ ಯಾವ ಹೇರ್ ಕಲರ್ ಒಪ್ಪುತ್ತದೆ?

ಮಂಡ್ಯದ ಶಿಕ್ಷಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು ಎಣ್ಣೆಗೆಂಪು ಮೈಬಣ್ಣ. ಕೂದಲು ಅಚ್ಚಗಪ್ಪು, ಬೈತಲೆಯ ಇಕ್ಕೆಲಗಳಲ್ಲಿ ನರೆ ಕಾಣಿಸಿಕೊಂಡಿದೆ. ಹಲವು ವರ್ಷಗಳಿಂದ ಗೋರಂಟಿ ಹಚ್ಚುತ್ತಿರುವುದರಿಂದ ನರೆಗೂದಲು ಕಿತ್ತಳೆ ಬಣ್ಣಕ್ಕೆ ತಿರುಗಿ, ಕಪ್ಪು ಕೂದಲಿನ ನಡುವೆ ಎದ್ದು ಕಾಣುತ್ತದೆ. ಮೈಸೂರಿನಲ್ಲಿ ತಂಗಿಯ ಮದುವೆ ಇದ್ದು, ಅಷ್ಟರೊಳಗೆ ಕಲರ್ ಮಾಡಿಸಬೇಕೆಂದಿದ್ದೇನೆ. ಪಾರ್ಲರಿನವರು ಆಶ್ ಬ್ರೌನ್ (ಬೂದು ಛಾಯೆಯ ಕಂದು) ಎನ್ನುತ್ತಾರೆ, ಅತ್ತಿಗೆಯವರು ಬರ್ಗಂಡಿ ಎನ್ನುತ್ತಾರೆ. ನನಗೆ ಯಾವುದು ಹೊಂದೀತು, ಗೋರಂಟಿಯ ಮೇಲೆ ಕಲರ್ ಕೂರುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಸರಸ್ವತಿಪುರಂನ ಬ್ಯೂಟಿಷಿಯನ್

ಮೇಡಂ, ಮೈ ಎಷ್ಟು ಬೆಳ್ಳಗಿದೆ, ಎಷ್ಟು ಕಪ್ಪಗಿದೆ ಎನ್ನುವುದಕ್ಕಿಂತ ಚರ್ಮದ ಒಳಛಾಯೆ ಹಳದಿಯ ಕಡೆಗಿದೆಯೋ ಗುಲಾಬಿ-ನೀಲಿಯ ಕಡೆಗಿದೆಯೋ ಎಂಬುದೇ ಇಲ್ಲಿ ಮುಖ್ಯ. ಮಣಿಕಟ್ಟಿನ ನರದ ಬಣ್ಣ ನೋಡಿ ತಿಳಿಯಿರಿ ಎಂದು ಎಲ್ಲರೂ ಹೇಳುತ್ತಾರಾದರೂ, ನಮ್ಮ ಕಡೆಯ ಮೈಬಣ್ಣಗಳಲ್ಲಿ ನರ ಸ್ಪಷ್ಟವಾಗಿ ಕಾಣುವುದು ಕಡಿಮೆ. ಅದಕ್ಕಿಂತ ಸೀರೆಯ ಜರಿಯೇ ನಂಬಿಕೆಗೆ ತಕ್ಕದ್ದು. ಬೆಳಗಿನ ಹೊತ್ತು ಕಿಟಕಿಯ ಬಳಿ, ಮುಖಕ್ಕೆ ಏನನ್ನೂ ಹಚ್ಚದೆ, ಮೊದಲು ಬಂಗಾರದ ಜರಿಯ ಸೆರಗನ್ನೂ ಆಮೇಲೆ ಬೆಳ್ಳಿ ಜರಿಯ ಸೆರಗನ್ನೂ ಕತ್ತಿನ ಬಳಿ ಹಿಡಿದು ಕನ್ನಡಿ ನೋಡಿಕೊಳ್ಳಿ. ಬಂಗಾರದ ಜರಿಗೆ ಮುಖ ಕಳೆಕಳೆಯಾಗಿ ಕಂಡು, ಬೆಳ್ಳಿ ಜರಿಗೆ ಕಣ್ಣಿನ ಕೆಳಗಿನ ಕಪ್ಪು ಎದ್ದು ತೋರಿದರೆ ನಿಮ್ಮದು ಹಳದಿಯ ಕಡೆಗಿನ, ಅಂದರೆ ಬೆಚ್ಚನೆಯ ಛಾಯೆ. ಎಣ್ಣೆಗೆಂಪಿನವರಲ್ಲಿ ಹೆಚ್ಚಿನವರದು ಇದೇ ಆಗಿರುತ್ತದೆ, ಆದರೂ ನೋಡದೆ ತೀರ್ಮಾನಿಸಬೇಡಿ.

ಬೆಚ್ಚನೆಯ ಛಾಯೆಯೆಂದಾದರೆ ಆಶ್ ಬ್ರೌನ್ ನಿಮಗೆ ಬೇಡವೆಂದೇ ನಾನು ಹೇಳುತ್ತೇನೆ, ಅದು ಮುಖವನ್ನು ಕಳೆಗುಂದಿಸುತ್ತದೆ. ಅಲ್ಲದೆ ಕಪ್ಪು ಕೂದಲನ್ನು ತಿಳಿಗೊಳಿಸಿದಾಗ ಒಳಗಿನ ಕೆಂಪು, ಕಿತ್ತಳೆ ಹೊರಬರುವುದರಿಂದ, ಬ್ಲೀಚ್ ಮಾಡದೆ ಪೆಟ್ಟಿಗೆಯ ಮೇಲಿನ ಆಶ್ ತಲೆಯ ಮೇಲೆ ಬರುವುದೇ ಇಲ್ಲ. ಚಾಕೊಲೇಟ್ ಬ್ರೌನ್ ಅಥವಾ ಚೆಸ್ಟ್‌ನಟ್ ನಿಮಗೆ ಚೆನ್ನಾಗಿ ಒಪ್ಪುತ್ತದೆ. ಬರ್ಗಂಡಿಯಲ್ಲಿ ನೇರಳೆಗೆ ತಿರುಗುವುದೂ ಉಂಟು, ಕಂದುಗೆಂಪಿಗೆ ತಿರುಗುವುದೂ ಉಂಟು. ಎರಡನೆಯದನ್ನೇ ಕೇಳಿ. ಟ್ಯೂಬಿನ ಮೇಲಿನ ಸಂಖ್ಯೆಯನ್ನೂ ಗಮನಿಸಿ: ಚುಕ್ಕೆಯ ಹಿಂದಿನದು ಗಾಢತೆ (1 ಎಂದರೆ ಕಪ್ಪು, 10 ಎಂದರೆ ತೀರ ತಿಳಿ), ಮುಂದಿನದು ಛಾಯೆ. ಸಾಮಾನ್ಯವಾಗಿ 1 ಆಶ್, 3 ಗೋಲ್ಡ್, 5 ಮಹೋಗನಿ. ನರೆಗೂದಲಿನ ಮೇಲೆ ಕೆಂಪು, ಗೋಲ್ಡ್ ಶೇಡುಗಳು ತೀರ ಢಾಳಾಗಿ ಹತ್ತುವುದರಿಂದ, ಜೊತೆಗೆ ನ್ಯಾಚುರಲ್ ಶೇಡನ್ನು (ಬೇರೆ ಛಾಯೆ ಸೇರದ ಸಹಜ ಬಣ್ಣ) ಬೆರೆಸಲು ಹೇಳಿ.

ರಸಾಯನಶಾಸ್ತ್ರದ ಉಪನ್ಯಾಸಕರು, ಮೈಸೂರು

ಗೋರಂಟಿಯ ಕುರಿತು ಒಂದು ಮಾತು. ಅದರಲ್ಲಿರುವ ಲಾಸೋನ್ ಎಂಬ ವಸ್ತು ಕೂದಲಿನ ಕೆರಾಟಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡುಬಿಡುತ್ತದೆ, ತೊಳೆದರೆ ಹೋಗುವುದಿಲ್ಲ. ಗಿಡದ ಎಲೆಯನ್ನೇ ಅರೆದು ಹಚ್ಚಿದ್ದರೆ ಅದರ ಮೇಲೆ ಹೆಚ್ಚು ಗಾಢವಾದ ಬಣ್ಣ ಕೂರುತ್ತದೆ. ಆದರೆ ಅಂಗಡಿಯ ಕೆಲವು ಪ್ಯಾಕೆಟ್ ಪುಡಿಗಳಲ್ಲಿ ಲೋಹದ ಲವಣಗಳಿರುತ್ತವೆ; ಅವು ಡೆವಲಪರಿನ (ಕಲರ್ ಜೊತೆ ಕಲಸುವ ದ್ರವ) ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದರೆ ಬಿಸಿಯೇರಿ ಕೂದಲು ತುಂಡಾಗಬಹುದು. ಆದ್ದರಿಂದ ಬಾಚಣಿಗೆಗೆ ಬಂದ ಕೂದಲನ್ನು ಗಾಜಿನ ಬಟ್ಟಲಲ್ಲಿಟ್ಟು, ಹಚ್ಚಬೇಕೆಂದಿರುವ ಕಲರನ್ನೇ ಡೆವಲಪರ್ ಸಮೇತ ಕಲಸಿ ಲೇಪಿಸಿ ಅರ್ಧ ಗಂಟೆ ನೋಡಿ. ಬಟ್ಟಲು ಬಿಸಿಯಾದರೆ ಅಥವಾ ಕೂದಲು ಅಂಟಂಟಾಗಿ ಎಳೆದಾಗ ತುಂಡಾದರೆ ಮುಂದುವರಿಯಬೇಡಿ. ಡೆವಲಪರ್ 20 ವಾಲ್ಯೂಮಿನದು, ಅಂದರೆ ಶೇಕಡಾ 6 ಪೆರಾಕ್ಸೈಡ್ ಇರುವುದು ಸಾಕು.

ಮಂಡ್ಯದ ಶಿಕ್ಷಕಿ

ತುಂಬು ಧನ್ಯವಾದಗಳು. ಬಂಗಾರದ ಜರಿಯೇ ನನಗೆ ಒಪ್ಪುತ್ತದೆ. ಅಮೋನಿಯಾ ಇಲ್ಲದ ಕಲರ್ ಆದರೆ ಅಲರ್ಜಿಯ ಭಯವಿಲ್ಲವೇ? ನಮ್ಮ ಮನೆಯದು ಬೋರ್‌ವೆಲ್ ನೀರು, ಸೋಪು ನೊರೆ ಬರುವುದೇ ಕಷ್ಟ.

ಸರಸ್ವತಿಪುರಂನ ಬ್ಯೂಟಿಷಿಯನ್

ಅಮೋನಿಯಾ ಇಲ್ಲವೆಂದ ಮಾತ್ರಕ್ಕೆ ಪಿಪಿಡಿ ಎಂಬ ಬಣ್ಣದ ರಾಸಾಯನಿಕ ಇಲ್ಲವೆಂದು ಅರ್ಥವಲ್ಲ. ತುರಿಕೆ, ಊತಕ್ಕೆ ಹೆಚ್ಚಾಗಿ ಕಾರಣವಾಗುವುದು ಅದೇ. ಬ್ಲ್ಯಾಕ್ ಹೆನ್ನಾ ಎಂದು ಮಾರುವ ಪುಡಿಗಳಲ್ಲಿಯೂ ಅದು ಇರುವುದುಂಟು. 48 ಗಂಟೆ ಮೊದಲೇ ಕಿವಿಯ ಹಿಂದೆ ಹಚ್ಚಿ ಪರೀಕ್ಷಿಸಿಕೊಳ್ಳದೆ ಯಾವ ಕಲರನ್ನೂ ತಲೆಗೆ ಹಚ್ಚಿಸಬೇಡಿ, ಪಾರ್ಲರಿನವರು ಅವಸರ ಮಾಡಿದರೂ ಸರಿ. ಗಡಸು ನೀರಿನಲ್ಲಿ ಕೆಂಪು ಶೇಡು ಬೇಗ ಮಾಸುವುದರಿಂದ ನಿಮಗೆ ಬರ್ಗಂಡಿಗಿಂತ ಚಾಕೊಲೇಟ್ ಬ್ರೌನ್ ಅನುಕೂಲ. ಸಲ್ಫೇಟ್ ಇಲ್ಲದ ಶಾಂಪೂ ಬಳಸಿ, ಕೊನೆಯ ಎರಡು ಚೊಂಬು ಮಾತ್ರ ಕುಡಿಯುವ ನೀರನ್ನು ಹಾಕಿಕೊಳ್ಳಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಹಾಗಾಗಿ ಮದುವೆಗೆ ಒಂದು ವಾರ ಇರುವಾಗ ಮಾಡಿಸಿದರೆ ಬುಡದ ನರೆ ಆ ದಿನಕ್ಕೆ ಇಣುಕುವುದಿಲ್ಲ.